ಕಾಣದ ನಾಳದಲ್ಲಿ ಕೈಯ ಶಿಕ್ಷಣ

ಚೆನ್ನೈಯ ತ್ರಿಪ್ಲಿಕೇನನ್ನು ನಮ್ಮವರಲ್ಲಿ ಬಹುಮಂದಿ ಪಾರ್ಥಸಾರಥಿಸ್ವಾಮಿಯ ದೇವಾಲಯದಿಂದ ಬಲ್ಲರು. ತಮಿಳಿನಲ್ಲಿ ಅದು ತಿರುವಲ್ಲಿಕ್ಕೇಣಿ. ನೈದಿಲೆಯ ಕೊಳವೆಂದು ಅರ್ಥ. ವೈದ್ಯವಿದ್ಯೆಯ ಚರಿತ್ರೆಯಲ್ಲಿಯೂ ಈ ಪ್ರದೇಶಕ್ಕೆ ಒಂದು ಸ್ಥಾನವುಂಟು. ಗೋಷಾ ಪದ್ಧತಿಯಿಂದಾಗಿ ಪುರುಷ ವೈದ್ಯರ ಮುಂದೆ ಬಾರದಿದ್ದ ಸ್ತ್ರೀಯರಿಗಾಗಿ 1885ರಲ್ಲಿ ಸ್ಥಾಪಿತವಾದ ಆಸ್ಪತ್ರೆಯು ಇಂದು ಕಸ್ತೂರಬಾ ಗಾಂಧಿಯವರ ಹೆಸರಿನಲ್ಲಿ ಇಲ್ಲಿ ನಡೆಯುತ್ತಿದೆ. ಅದರ ಸ್ಥಾಪನೆಗೆ ಕಾರಣರಾದ ಮೇರಿ ಶಾರ್ಲೀಬ್, 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದ ಮೊದಲ ಸ್ತ್ರೀಯರಲ್ಲೊಬ್ಬರು.

ಅಂದಿನ ಹೆರಿಗೆಯ ವೈದ್ಯರು ಬಹುವಾಗಿ ಅಂಜುತ್ತಿದ್ದುದು ಪ್ರಸವಾನಂತರದ ರಕ್ತಸ್ರಾವಕ್ಕೆ. ಇಂದಿಗೂ ಅದು ತಾಯಂದಿರ ಮರಣಕ್ಕೆ ಪ್ರಮುಖ ಕಾರಣ. ಔಷಧಕ್ಕೆ ಸ್ರಾವ ನಿಲ್ಲದಿದ್ದರೆ ಎಷ್ಟೋ ವೇಳೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತಿತ್ತು. 1979ರಿಂದೀಚೆಗೆ ಬೇರೊಂದು ದಾರಿ ತೆರೆದಿದೆ. ತೊಡೆಸಂದಿನ ಧಮನಿಯೊಳಕ್ಕೆ ಸಣ್ಣ ನಳಿಕೆಯೊಂದನ್ನು ಸೇರಿಸಿ, ಕ್ಷ-ಕಿರಣದ ಪರದೆಯನ್ನು ನೋಡುತ್ತ ಅದನ್ನು ಗರ್ಭಕೋಶದ ಧಮನಿಯವರೆಗೆ ನಡೆಸಿ, ಜೆಲಟಿನ್ ಸ್ಪಂಜಿನ ಚೂರುಗಳನ್ನು ಅಲ್ಲಿ ಬಿಟ್ಟರೆ ಪ್ರವಾಹವು ಕಟ್ಟುತ್ತದೆ. ಕೆಲವು ವಾರಗಳಲ್ಲಿ ಚೂರುಗಳು ಕರಗಿ ನಾಳವು ಸಾಮಾನ್ಯವಾಗಿ ಮತ್ತೆ ತೆರೆದುಕೊಳ್ಳುತ್ತದೆ, ಗರ್ಭಕೋಶ ಉಳಿಯುತ್ತದೆ. ಬಿಂಬವನ್ನು ನೋಡುತ್ತ ಮಾಡುವ ಇಂಥ ಚಿಕಿತ್ಸೆಗಳಿಗೆ ಇಂಟರ್‌ವೆನ್ಷನಲ್ ರೇಡಿಯಾಲಜಿ ಎಂದು ಹೆಸರು. ಅದನ್ನು ಮಾಡುವ ಕೈಯನ್ನು ಸಿದ್ಧಗೊಳಿಸುವ ಬಗೆಯೇ ಪ್ರಸ್ತುತ ಲೇಖನದ ವಿಷಯ.

ಈ ವಿದ್ಯೆಯ ಮೊದಲ ಪಾಠವನ್ನು 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಪ್ರಕಟಿಸಿದರು. ಟೊಳ್ಳು ಸೂಜಿಯಿಂದ ಧಮನಿಯನ್ನು ಚುಚ್ಚುವುದು; ಸೂಜಿಯೊಳಗಿಂದ ಬಾಗುವ ತಂತಿಯೊಂದನ್ನು ಬಿಡುವುದು; ತಂತಿಯನ್ನು ಅಲ್ಲಿಯೇ ಉಳಿಸಿ ಸೂಜಿಯನ್ನು ತೆಗೆಯುವುದು; ತಂತಿಯ ಮೇಲೆ ನಳಿಕೆಯನ್ನು ಜಾರಿಸುವುದು. ಇಷ್ಟೆ. ಇಷ್ಟು ಸರಳವಾದುದು ಅಷ್ಟು ಕಾಲ ಹೊಳೆಯದೆ ಹೋದುದೇ ವಿಸ್ಮಯ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದಿದ್ದ 82 ವರ್ಷದ ವೃದ್ಧೆಯೊಬ್ಬಳ ಕಿರಿದಾದ ಧಮನಿಯನ್ನು ಇದೇ ದಾರಿಯಿಂದ ಅಗಲಿಸಿದರು. ಕಾಲು ಉಳಿಯಿತು. ರೋಗವನ್ನು ನೋಡಿ ಹೇಳುತ್ತಿದ್ದ ಶಾಸ್ತ್ರ ರೋಗಕ್ಕೆ ಕೈಹಾಕುವ ಶಾಸ್ತ್ರವೂ ಆಯಿತು.

ಆದರೆ ಓದಿಗೆ ಸರಳವಾದುದು ಕೈಗೆ ಸರಳವಲ್ಲ. ಶಸ್ತ್ರವೈದ್ಯನು ತಾನು ಮುಟ್ಟುವುದನ್ನು ಕಾಣುತ್ತಾನೆ. ಇಲ್ಲಿ ಕೈ ತೊಡೆಸಂದಿನಲ್ಲಿ, ಕಣ್ಣು ಪರದೆಯಲ್ಲಿ. ಪರದೆಯ ಬಿಂಬವೋ ಚಪ್ಪಟೆ. ನಳಿಕೆಯ ತುದಿ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಅದು ಹೇಳದು. ಮೊದಲ ಚುಚ್ಚುವಿಕೆಯನ್ನೇ ನೋಡಿ. ಧಮನಿಯನ್ನು ತೊಡೆಮೂಳೆಯ ತಲೆಯ ಮುಂಭಾಗದಲ್ಲಿ ಚುಚ್ಚಬೇಕು. ನಳಿಕೆಯನ್ನು ತೆಗೆದ ಮೇಲೆ ಧಮನಿಯನ್ನು ಆ ಮೂಳೆಗೆ ಒತ್ತಿಹಿಡಿದು ರಕ್ತವನ್ನು ನಿಲ್ಲಿಸಬೇಕು. ತೀರ ಮೇಲೆ ಚುಚ್ಚಿದರೆ ಒತ್ತುವುದಕ್ಕೆ ಆಧಾರವಿಲ್ಲ, ಹೊಟ್ಟೆಯ ಹಿಂಬದಿಯಲ್ಲಿ ರಕ್ತವು ಯಾರಿಗೂ ಕಾಣದಂತೆ ಕೂಡಿಕೊಳ್ಳಬಹುದು. ತೀರ ಕೆಳಗಾದರೆ ನಾಳದ ಪಕ್ಕದಲ್ಲಿ ಮಿಡಿಯುವ ಗಂಟಾಗಬಹುದು. ಬೆರಳೆರಡರ ಅಂತರದಲ್ಲಿ ಒಂದು ಜೀವ ತೂಗುತ್ತದೆ. ತಂತಿ ಮುಂದೆ ಸಾಗದೆ ತಡೆದಾಗ ನೂಕಬಾರದೆಂಬುದನ್ನೂ ಬೆರಳೇ ಕಲಿಯಬೇಕು. ನೂಕಿದರೆ ತಂತಿಯು ಧಮನಿಯ ಗೋಡೆಯ ಪದರಗಳ ನಡುವೆ ಹೊಕ್ಕೀತು.

'ಒಂದನ್ನು ನೋಡು, ಒಂದನ್ನು ಮಾಡು, ಒಂದನ್ನು ಕಲಿಸು' ಎಂಬುದು ಶಸ್ತ್ರವೈದ್ಯರಲ್ಲಿ ಹಳೆಯ ಮಾತು. ನಡುವಣ ಆ ಒಂದನ್ನು ಯಾರ ಮೈಮೇಲೆ ಮಾಡಬೇಕು? ಧರ್ಮಾಸ್ಪತ್ರೆಯ ಬಡರೋಗಿಯ ಮೇಲೆ ಎಂಬುದೇ ಬಹುಕಾಲ ಯಾರೂ ಬಾಯಿಬಿಟ್ಟು ಹೇಳದ ಉತ್ತರವಾಗಿತ್ತೆಂದು ನನಗೆ ತೋರುತ್ತದೆ. ಇಂದು ಹಾಗಾಗಬೇಕಾದುದಿಲ್ಲ. ಜೆಲಟಿನ್ನಿನ ಗಟ್ಟಿಯಲ್ಲಿ ಕೊಳವೆಯೊಂದನ್ನು ಹುದುಗಿಸಿ, ಅಲ್ಟ್ರಾಸೌಂಡಿನ ಬಿಂಬದಲ್ಲಿ ನೋಡುತ್ತ ಸೂಜಿಯ ತುದಿಯನ್ನು ಅದರೊಳಕ್ಕೆ ಸೇರಿಸುವ ಅಭ್ಯಾಸವನ್ನು ಸ್ವಲ್ಪ ಖರ್ಚಿನಲ್ಲಿ ಮಾಡಿಸಬಹುದು. ಕಂಪ್ಯೂಟರಿನಿಂದ ನಡೆಯುವ ಅನುಕರಣಯಂತ್ರಗಳು ತಂತಿಯ ತಡೆಯನ್ನು ಕೈಗೆ ತಿಳಿಸುತ್ತವೆ. ವಿದ್ಯಾರ್ಥಿ ತೆಗೆದುಕೊಂಡ ಕಾಲವನ್ನೂ ಲೆಕ್ಕವಿಡುತ್ತವೆ. ಆದರೆ ಯಂತ್ರಕ್ಕೆ ನೋವಿಲ್ಲ. ಎಚ್ಚರದಲ್ಲಿರುವ ರೋಗಿಯ ಹೆದರಿಕೆಯನ್ನು ಸಂತೈಸುವುದನ್ನು ಅದು ಕಲಿಸಲಾರದು. ಅದಕ್ಕೆ ಗುರುವಿನ ಪಕ್ಕದಲ್ಲಿಯೇ ನಿಲ್ಲಬೇಕು. ಹೃದಯದ ಧಮನಿಯನ್ನು ಬಲೂನಿನಿಂದ ಹಿಗ್ಗಿಸುವುದನ್ನು 1977ರಲ್ಲಿ ಆರಂಭಿಸಿದ ಗ್ರುಂಟ್ಸಿಗ್, ಮರುವರ್ಷವೇ ಜ್ಯೂರಿಕ್ಕಿನಲ್ಲಿ ಇತರ ವೈದ್ಯರನ್ನು ಕರೆಸಿ ತಮ್ಮ ಕೆಲಸವನ್ನು ದೂರದರ್ಶನದ ಪರದೆಯ ಮೇಲೆ ನಡೆಯುತ್ತಿದ್ದಂತೆಯೇ ತೋರಿಸಿದರು. ತಪ್ಪಾದರೆ ಅದೂ ಎಲ್ಲರಿಗೆ ಕಾಣುವಂತಿತ್ತು. ಆ ಧೈರ್ಯವೇ ದೊಡ್ಡ ಪಾಠ.

ಕಲಿಯುವವನ ಮೈಗೂ ಇದರಲ್ಲಿ ಅಪಾಯವುಂಟು. ತ್ರಿಪ್ಲಿಕೇನಿನ ಉತ್ತರಕ್ಕೆ, ಪಾರ್ಕ್ ಟೌನಿನ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ, ಕ್ಯಾಪ್ಟನ್ ಬಾರ್ನಾರ್ಡರ ಹೆಸರಿನ ವಿಕಿರಣವಿದ್ಯಾ ಸಂಸ್ಥೆ 1934ರಲ್ಲಿ ಆರಂಭವಾಯಿತು. ಅದಾದ ಎರಡು ವರ್ಷಕ್ಕೆ ಜರ್ಮನಿಯ ಹ್ಯಾಂಬರ್ಗಿನಲ್ಲಿ, ಈ ಕಿರಣಗಳಿಂದ ಪ್ರಾಣ ತೆತ್ತ 169 ಮಂದಿಯ ಹೆಸರನ್ನು ಕೆತ್ತಿದ ಸ್ಮಾರಕಶಿಲೆ ಎದ್ದಿತು. ಆದುದರಿಂದ ಕೈಗೆ ಹೇಳುವ ಪಾಠದ ಜೊತೆಗೆ ಕಾಲಿಗೂ ಒಂದು ಪಾಠವಿದೆ: ಪೆಡಲನ್ನು ತುಳಿದಿರುವಷ್ಟು ಹೊತ್ತೂ ಕಿರಣ ಹೊಮ್ಮುತ್ತದೆ, ಪರದೆಯನ್ನು ನೋಡದ ಕ್ಷಣದಲ್ಲಿ ಕಾಲನ್ನು ಎತ್ತಬೇಕು. ಕಿರಣ ಚದುರುವ ಸ್ಥಾನದಿಂದ ದೂರವನ್ನು ಎರಡರಷ್ಟು ಮಾಡಿಕೊಂಡರೆ ಮೈಗೆ ತಾಗುವ ಪ್ರಮಾಣ ಸುಮಾರು ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಸೀಸದ ಮೇಲಂಗಿ ಆಮೇಲಿನ ಮಾತು.

ನಮ್ಮ ದೇಶದಲ್ಲಿ ಈ ಶಿಕ್ಷಣಕ್ಕೆ ದೀರ್ಘಕಾಲ ಹಿಡಿಯುತ್ತದೆ. ವೈದ್ಯಪದವಿಯ ಮೇಲೆ ವಿಕಿರಣವಿದ್ಯೆಯ ಎಂ.ಡಿ. ಮೂರು ವರ್ಷ, ಅದರ ಮೇಲೆ ಡಿ.ಎಂ. ಮೂರು ವರ್ಷ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ನಾಳಗಳ ಇಂಥ ಚಿಕಿತ್ಸೆಗಾಗಿ ಪ್ರತ್ಯೇಕ ವಿಭಾಗವೇ ಇದೆ. ಯಂತ್ರವನ್ನು ಹಣ ಕೊಟ್ಟು ಒಂದು ವರ್ಷದಲ್ಲಿ ತರಿಸಬಹುದು. ಅದರ ಮುಂದೆ ನಿಲ್ಲುವವರನ್ನು ಆರು ವರ್ಷ ಮುಂಚೆಯೇ ಓದಿಗೆ ಹಚ್ಚಿರಬೇಕು, ಅದೂ ಒಬ್ಬರನ್ನಲ್ಲ. ಹೆರಿಗೆಯ ರಕ್ತಸ್ರಾವ ಹಗಲು ರಾತ್ರಿ ನೋಡಿ ಬರುವುದಿಲ್ಲ; ಪಾಳಿಯ ಮೇಲೆ ಕೆಲಸಮಾಡಲು ಒಂದು ಆಸ್ಪತ್ರೆಗೆ ಇಬ್ಬರು ಮೂವರಾದರೂ ಬೇಕು.