ಈದ್‌ನ ಬಣ್ಣದ ಕಪ್ ಕೇಕ್: ಬಣ್ಣ ಎಲ್ಲಿಂದ ಬಂತು?

ಕಳೆದ ಈದುಲ್ ಫಿತ್ರ್‌ನ ಮರುದಿನ ನಮ್ಮ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಒಬ್ಬ ತಾಯಿ ಏಳು ವರ್ಷದ ಮಗಳ ಕೈಹಿಡಿದು ನಿಂತಿದ್ದರು. ಮಗುವಿನ ಹೊಟ್ಟೆ, ಬೆನ್ನು, ತೊಡೆಗಳ ಮೇಲೆಲ್ಲ ಕೆಂಪು ದದ್ದು, ತಡೆಯಲಾರದ ತುರಿಕೆ. ನಮ್ಮ ಕಡೆ ಪಿತ್ತದ ಗಂಧೆ ಎನ್ನುತ್ತಾರೆ, ಯೂನಾನಿ ಗ್ರಂಥಗಳಲ್ಲಿ ಇದರ ಹೆಸರು ಶರಾ. ನಿನ್ನೆ ಏನು ತಿಂದಳು ಎಂದು ಕೇಳಿದೆ.

"ಸುರಕುಂಬಾ, ಬಿರಿಯಾನಿ, ಕಪ್ ಕೇಕ್ ಡಾಕ್ಟ್ರೇ. ಕೇಕ್ ಹೊರಗಿಂದಲ್ಲ ರೀ, ಮನ್ಯಾಗ ನಾನೇ ಮಾಡೀನಿ."

ಕೇಕಿನ ಮೇಲೆ ಹಚ್ಚಿದ ಕ್ರೀಮಿಗೆ ಗುಲಾಬಿ, ಹಸಿರು, ಕಿತ್ತಳೆ ಬಣ್ಣ ಹಾಕಿದ್ದರಂತೆ. ಯಾವ ಬಣ್ಣ? ಅಂಗಡಿಯಲ್ಲಿ 'ಜಿಲೇಬಿ ಬಣ್ಣ' ಎಂದು ಕೇಳಿ ಕಾಗದದ ಚೀಟಿಯಲ್ಲಿ ಕಟ್ಟಿಸಿಕೊಂಡು ಬಂದದ್ದು. ಹೆಸರಿಲ್ಲ, ಕಂಪನಿಯಿಲ್ಲ, ತಾರೀಖಿಲ್ಲ. ಮಗುವಿಗೆ ಉಸಿರಾಟದ ತೊಂದರೆ ಇರಲಿಲ್ಲ, ಎರಡು ದಿನದಲ್ಲಿ ದದ್ದು ಇಳಿಯಿತು. ಅದಕ್ಕೆ ಬಣ್ಣವೇ ಕಾರಣ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಮೊಟ್ಟೆ, ಹಾಲು, ಗೋಡಂಬಿಯಿಂದಲೂ ಹೀಗಾಗುತ್ತದೆ. ಆದರೆ ಆ ಚೀಟಿಯಲ್ಲಿ ಏನಿತ್ತು ಎಂದು ಆ ತಾಯಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. 'ಮನೆಯಲ್ಲೇ ಮಾಡಿದ್ದು' ಎಂಬ ಧೈರ್ಯಕ್ಕೆ ಅಲ್ಲಿ ಆಧಾರವೇ ಇರಲಿಲ್ಲ.

(ದದ್ದಿನ ಜೊತೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ನಮ್ಮಂಥವರ ದವಾಖಾನೆಗೂ ಬರಬೇಡಿ, ಮನೆಮದ್ದೂ ಬೇಡ. ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಓಡಿ.)

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ರೋಡಮಿನ್-ಬಿ ಬಳಕೆಗೆ ತಡೆ ಹಾಕಿದ್ದು ಓದುಗರಿಗೆ ನೆನಪಿರಬಹುದು. ಅದು ಬಟ್ಟೆಗೆ ಹಾಕುವ ಗುಲಾಬಿ ಬಣ್ಣ, ಹೊಟ್ಟೆಗಲ್ಲ. ಅದೇ ವರ್ಷ ಆಹಾರ ಸುರಕ್ಷತೆ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣದ ದೋಷ ಕಂಡುಬಂತು. ಬೇಕರಿಯ ಕೇಕನ್ನಾದರೂ ಒಮ್ಮೊಮ್ಮೆ ಯಾರಾದರೂ ಪರೀಕ್ಷೆಗೆ ಒಯ್ಯುತ್ತಾರೆ. ನಮ್ಮ ಅಡುಗೆಮನೆಯ ಬಟ್ಟಲನ್ನು ಯಾರೂ ಒಯ್ಯುವುದಿಲ್ಲ.

ಸರ್ಕಾರ ಅನುಮತಿಸಿದ ಕೃತಕ ಬಣ್ಣಗಳೂ ಇವೆ. ಅವುಗಳಿಗೆ ಮಿತಿಯಿದೆ: ಸಾಮಾನ್ಯವಾಗಿ ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ. ಹನ್ನೆರಡು ಕಪ್ ಕೇಕಿಗೆ ಹಚ್ಚುವ ಕ್ರೀಮು ಸುಮಾರು 400 ಗ್ರಾಂ ಎಂದಿಟ್ಟುಕೊಳ್ಳಿ. ಅದಕ್ಕೆ 40 ಮಿಲಿಗ್ರಾಂ ಮಾತ್ರ ಸಲ್ಲುತ್ತದೆ. ನಾವು ಎರಡು ಬೆರಳಲ್ಲಿ ಎತ್ತುವ ಒಂದು ಚಿಟಿಕೆ ಪುಡಿ ಇದರ ಹಲವು ಪಟ್ಟು ತೂಗುತ್ತದೆ. ಕಂಪನಿಯ ಡಬ್ಬಿಯಲ್ಲಿ ಬಣ್ಣಕ್ಕೆ ಉಪ್ಪು, ಸಕ್ಕರೆಯಂಥದ್ದು ಬೆರೆಸಿ ತೆಳುವಾಗಿಸಿರುತ್ತಾರೆ, ಎಷ್ಟು ಬೆರೆಸಿದೆ ಎಂದು ಬರೆದಿರುತ್ತಾರೆ. ಚೀಟಿಯ ಪುಡಿಯಲ್ಲಿ ಆ ಲೆಕ್ಕ ಸಿಗುವುದಿಲ್ಲ. ಮಕ್ಕಳು 'ಅಮ್ಮೀ ಇನ್ನೂ ಡಾರ್ಕ್' ಎಂದರೆ ನಾವು ಇನ್ನೊಂದು ಚಿಟಿಕೆ ಹಾಕುತ್ತೇವೆ.

ಡಬ್ಬಿಯನ್ನೇ ಕೊಳ್ಳುವುದಾದರೆ 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನೋಡಿ. ಹಿಂಬದಿಯಲ್ಲಿ ಸಣ್ಣ ಅಂಕೆಗಳೂ ಇರುತ್ತವೆ: 102 ಟಾರ್ಟ್ರಜಿನ್ (ಹಳದಿ), 110 ಸನ್‌ಸೆಟ್ ಯೆಲ್ಲೊ (ಕಿತ್ತಳೆ), 122 ಕಾರ್ಮೋಸಿನ್, 124 ಪಾನ್ಸೊ (ಇವೆರಡೂ ಕೆಂಪು). ನಮ್ಮಲ್ಲಿ ಅನುಮತಿ ಇರುವ ಈ ನಾಲ್ಕೂ ಬಣ್ಣಗಳು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದ್ದವು. ಬಣ್ಣಗಳ ಮಿಶ್ರಣವನ್ನು ಸೋಡಿಯಂ ಬೆಂಜೊಯೇಟ್ ಜೊತೆ ಕುಡಿಸಿದಾಗ ಕೆಲವು ಮಕ್ಕಳ ಚಂಚಲತೆ ಹೆಚ್ಚಿತ್ತು. ಯುರೋಪಿನಲ್ಲಿ 2010ರಿಂದ ಇಂಥ ಬಣ್ಣದ ತಿನಿಸಿನ ಮೇಲೆ ಮಕ್ಕಳ ಬಗ್ಗೆ ಎಚ್ಚರಿಕೆ ಬರೆಯಲೇಬೇಕು. ಟಾರ್ಟ್ರಜಿನ್ ಕೆಲವರಿಗೆ ಗಂಧೆ, ಉಬ್ಬಸ ಕೆದಕುವುದೂ ಉಂಟು. 120 ಎಂದಿದ್ದರೆ ಅದು ಕಾರ್ಮೈನ್, ಒಂದು ಜಾತಿಯ ಕೀಟದಿಂದ ತೆಗೆದ ಕೆಂಪು. ಅದರ ಹಲಾಲ್ ವಿಚಾರ ಆಲಿಮರನ್ನು ಕೇಳಿ. ಅಲರ್ಜಿ ಅದರಿಂದಲೂ ಆಗುತ್ತದೆ ಎಂಬುದಷ್ಟೇ ನಾನು ಹೇಳಬಲ್ಲೆ.

ಹಾಗಾದರೆ ಮಕ್ಕಳಿಗೆ ಕಪ್ ಕೇಕ್ ಬೇಡವೇ? ಬೇಡ ಎಂದರೆ ನನ್ನ ಮನೆಯಲ್ಲೇ ನಡೆಯುವುದಿಲ್ಲ. ಮಾಡುವ ರೀತಿ ಸ್ವಲ್ಪ ಬದಲಿಸೋಣ.

ಈಚಿನ ವರ್ಷಗಳಲ್ಲಿ ಈದುಲ್ ಫಿತ್ರ್ ಬೇಸಿಗೆಯ ಹೊಸ್ತಿಲಲ್ಲೇ ಬರುತ್ತಿದೆ. ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗುವ ಪದಾರ್ಥ. ನಮ್ಮ ಕೊಟ್ಟೂರಿನ ಬಿಸಿಲಿಗೆ ಬೆಣ್ಣೆ ಕ್ರೀಮು ನಮಾಝಿನಿಂದ ಮನೆಗೆ ಬರುವಷ್ಟರಲ್ಲಿ ಇಳಿದುಹೋಗಿರುತ್ತದೆ. ಅದಕ್ಕೇ ಹಲವರು ಡಾಲ್ಡಾ ಬೆರೆಸುತ್ತಾರೆ. ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ. 2ರ ಮಿತಿ ಬಂದಿದೆ ನಿಜ, ಆದರೂ ಗಟ್ಟಿ ಕೊಬ್ಬು ಗಟ್ಟಿ ಕೊಬ್ಬೇ. ಇನ್ನು ಸಕ್ಕರೆ: ರೂಢಿಯ ಅಳತೆಯಲ್ಲಿ 100 ಗ್ರಾಂ ಬೆಣ್ಣೆಗೆ 200 ಗ್ರಾಂ. ಹತ್ತು ಕೇಕಿಗೆ ಹಚ್ಚಿದರೆ ಒಂದೊಂದರ ತಲೆಯ ಮೇಲೇ 20 ಗ್ರಾಂ. ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಮನೆಯ ಕ್ರೀಮು ಚಕ್ಕಾದ್ದು. ಅರ್ಧ ಕಿಲೋ ಗಟ್ಟಿ ಮೊಸರನ್ನು ತೊಳೆದ ಬಿಳಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ಫ್ರಿಜ್ಜಿನಲ್ಲೇ ಜಾಲರಿಯ ಮೇಲಿಡಿ. ಹೊರಗೆ ನೇತುಹಾಕಿದರೆ ಸೆಕೆಗೆ ಹುಳಿಯಾಗುತ್ತದೆ. ಬೆಳಿಗ್ಗೆ ನಾಲ್ಕು ದೊಡ್ಡ ಚಮಚ ಸಕ್ಕರೆ ಪುಡಿ, ಏಲಕ್ಕಿ ಹಾಕಿ ನುಣ್ಣಗೆ ಕಲಸಿ. ಒಂದು ಕೇಕಿಗೆ ಮೂರು-ನಾಲ್ಕು ಗ್ರಾಂ ಸಕ್ಕರೆ ಬಿದ್ದೀತು. ಗುಲಾಬಿ ಬಣ್ಣಕ್ಕೆ ಬೀಟ್‌ರೂಟ್ ರಸವನ್ನು ಸಣ್ಣ ಉರಿಯಲ್ಲಿ ಇಂಗಿಸಿ, ಆರಿಸಿ, ಒಂದು ಚಮಚ ಸೇರಿಸಿ. ಮೊಸರಿನ ಹುಳಿ ಆ ಕೆಂಪನ್ನು ಹಿಡಿದಿಡುತ್ತದೆ. ಅದೇ ರಸವನ್ನು ಸೋಡಾ ಹಾಕಿದ ಕೇಕ್ ಹಿಟ್ಟಿಗೆ ಬೆರೆಸಿದರೆ ಬೆಂದಮೇಲೆ ಕಂದಾಗುತ್ತದೆ. ಅದಕ್ಕೇ ಬಣ್ಣ ಮೇಲೆ ಮಾತ್ರ ಇರಲಿ. ಹಳದಿಗೆ ಹತ್ತು ಎಸಳು ಕೇಸರಿಯನ್ನು ಬೆಚ್ಚನೆ ಹಾಲಿನಲ್ಲಿ ನೆನೆಸಿ. ಹಸಿರಿಗೆ ಪಿಸ್ತಾ ಪುಡಿ. ದುಬಾರಿ ಅನಿಸಿದರೆ ಬಿಸಿನೀರಲ್ಲಿ ಅದ್ದಿ ತೆಗೆದ ಪಾಲಕ್‌ನ ರಸ, ಆದರೆ ಸಂಜೆಗೆ ಅದು ಮಾಸುತ್ತದೆ. ನೀಲಿಯ ಆಸೆ ಬಿಟ್ಟುಬಿಡಿ.

ಕೇಕಿಗೆ ಒಂದು ಕಪ್ ಮೈದಾ ಅಥವಾ ಜರಡಿ ಹಿಡಿದ ಗೋಧಿಹಿಟ್ಟು, ಅರ್ಧ ಕಪ್ ಸಕ್ಕರೆ, ಎರಡು ಮೊಟ್ಟೆ, ಕಾಲು ಕಪ್ ಎಣ್ಣೆ, ಕಾಲು ಕಪ್ ಹಾಲು, ಒಂದು ಚಮಚ ಬೇಕಿಂಗ್ ಪೌಡರ್. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಸೀಟಿ ಮತ್ತು ರಬ್ಬರ್ ತೆಗೆದು, ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಬಟ್ಟಲಿಗೆ ಹಳೆಯ ಪೇಪರ್ ಕತ್ತರಿಸಿ ಹಾಸಬೇಡಿ, ಅಚ್ಚಿನ ಮಸಿ ಕೇಕಿಗೆ ಹತ್ತುತ್ತದೆ. ಮೊಟ್ಟೆ ಒಡೆದ ಕೈ ತೊಳೆದೇ ಕ್ರೀಮು ಮುಟ್ಟಿ, ಹಸಿ ಹಿಟ್ಟನ್ನು ಮಕ್ಕಳಿಗೆ ನೆಕ್ಕಲು ಬಿಡಬೇಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಹಸಿ ಹಿಟ್ಟೂ ಸುರಕ್ಷಿತವಲ್ಲ. ಚಕ್ಕಾ ಹಚ್ಚಿದ ಕೇಕ್ ಫ್ರಿಜ್ಜಿನಲ್ಲಿರಲಿ, ತಿನ್ನುವ ಹೊತ್ತಿಗೆ ತೆಗೆದು ಅದೇ ದಿನ ಮುಗಿಸಿ. ನೆರೆಮನೆಗೆ ಕೊಡುವಾಗಲೂ ಇದನ್ನು ಹೇಳಿಯೇ ಕೊಡಿ.

ಇನ್ನೊಂದು ಮಾತು. ಬೀಟ್‌ರೂಟ್ ತಿಂದ ಮರುದಿನ ಕೆಲವು ಮಕ್ಕಳ ಮೂತ್ರ, ಮಲ ಕೆಂಪಾಗಿ ಕಾಣುತ್ತದೆ. ರಕ್ತ ಹೋಗುತ್ತಿದೆ ಎಂದು ಹೆದರಿ ಬಂದ ತಾಯಂದಿರನ್ನು ನೋಡಿದ್ದೇನೆ. ಒಂದೆರಡು ದಿನದಲ್ಲಿ ಅದು ತಾನಾಗಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಉರಿ, ಜ್ವರ, ಹೊಟ್ಟೆನೋವು ಇದ್ದರೆ ಮಗುವನ್ನು ವೈದ್ಯರಿಗೆ ತೋರಿಸಿ.