ವಿಂಡೋಸ್ ಪುಟವಿನ್ಯಾಸ ತಂತ್ರಾಂಶ ಮತ್ತು ಅನ್ಯ ಗಣಕಗಳು: ಕನ್ನಡ ಪಠ್ಯರಕ್ಷಣೆಯ ದೃಷ್ಟಿಯಿಂದ

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕನ್ನಡ ಮುದ್ರಣವು ಅಚ್ಚುಮೊಳೆಗಳಿಂದ ಗಣಕದ ಅಕ್ಷರಜೋಡಣೆಗೆ ಹೊರಳಿತು. ಅಲ್ಲಿಂದ ಮುಂದೆ ಬಹುಕಾಲದವರೆಗೆ ಅಸಂಖ್ಯ ಕನ್ನಡ ಗ್ರಂಥಗಳು ವಿಂಡೋಸ್ ಗಣಕಗಳಲ್ಲಿ, ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಮೂಲಕ, ನುಡಿ, ಬರಹ ಮೊದಲಾದವುಗಳ ಅಕ್ಷರಶೈಲಿಗಳಲ್ಲಿ ಸಿದ್ಧಗೊಂಡವು. ಆ ಕಡತಗಳು ಮುದ್ರಣಾಲಯಗಳಲ್ಲಿಯೂ ಸಂಪಾದಕರ ಬಳಿಯಲ್ಲಿಯೂ ಇಂದಿಗೂ ಉಳಿದಿವೆ. ಆದರೆ ಅವುಗಳನ್ನು ತೆರೆಯಬೇಕಾದ ವಿದ್ವಾಂಸನ ಎದುರಿಗಿರುವುದು ಮ್ಯಾಕ್ ಗಣಕವೋ ಲಿನಕ್ಸ್ ಗಣಕವೋ ಆಗಿರಬಹುದು. ಇಂತಹ ಗಣಕದಲ್ಲಿ ಹಳೆಯ ತಂತ್ರಾಂಶವನ್ನು ನಡೆಸುವ ಮಾರ್ಗಗಳಾವುವು, ಕನ್ನಡ ಪಠ್ಯದ ಮಟ್ಟಿಗೆ ಅವುಗಳ ಸಾಮರ್ಥ್ಯ ಮತ್ತು ಮಿತಿಗಳೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ತಂತ್ರಾಂಶ ಮತ್ತು ಗಣಕದ ಸಂಬಂಧ

ಯಾವುದೇ ತಂತ್ರಾಂಶಕ್ಕೆ ಎರಡು ಬಂಧನಗಳಿರುತ್ತವೆ. ಮೊದಲನೆಯದು, ಗಣಕದ ಸಂಸ್ಕಾರಕವು ಅರಿಯುವ ಆಜ್ಞೆಗಳಲ್ಲಿ ಅದು ರಚಿತವಾಗಿರುವುದು. ಎರಡನೆಯದು, ಕಿಟಕಿ ತೆರೆಯುವ, ಕಡತ ಓದುವ, ಅಕ್ಷರ ಮೂಡಿಸುವ ಕೆಲಸಗಳಿಗೆ ಅದು ಕಾರ್ಯಾಚರಣ ವ್ಯವಸ್ಥೆಯನ್ನು ಅವಲಂಬಿಸಿರುವುದು. ಪೇಜ್‌ಮೇಕರ್ ಹುಟ್ಟಿದ್ದು ೧೯೮೫ರಲ್ಲಿ, ಮ್ಯಾಕಿಂಟಾಷ್ ಗಣಕಕ್ಕಾಗಿಯೇ. ವಿಂಡೋಸ್ ಆವೃತ್ತಿ ಬಂದುದು ೧೯೮೭ರಲ್ಲಿ. ಆಲ್ಡಸ್ ಸಂಸ್ಥೆಯ ಈ ತಂತ್ರಾಂಶವು ೧೯೯೪ರಲ್ಲಿ ಅಡೋಬಿಯ ವಶಕ್ಕೆ ಬಂದಿತು. ೨೦೦೧ರ ೭.೦ ಅದರ ಕೊನೆಯ ಪ್ರಧಾನ ಆವೃತ್ತಿ. ಮ್ಯಾಕ್‌ನ ಹೊಸ ಕಾರ್ಯಾಚರಣ ವ್ಯವಸ್ಥೆಗೆ ಅದು ನೇರವಾಗಿ ಒಗ್ಗಿಕೊಳ್ಳಲೇ ಇಲ್ಲ. ಹೀಗಾಗಿ ಮ್ಯಾಕ್‌ನಲ್ಲಿ ಹುಟ್ಟಿದ ತಂತ್ರಾಂಶವನ್ನು ಮ್ಯಾಕ್‌ನಲ್ಲಿ ನಡೆಸಲು ಈಗ ವಿಂಡೋಸ್ ಆವೃತ್ತಿಯನ್ನೇ ಆಶ್ರಯಿಸಬೇಕಾಗಿದೆ.

೨. ಮೂರು ಮಾರ್ಗಗಳು

ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಸ್ಥಾಪಿಸಿ, ಆರಂಭದಲ್ಲಿ ಬೇಕಾದುದನ್ನು ಆರಿಸಿಕೊಳ್ಳುವುದು ಮೊದಲನೆಯ ಮಾರ್ಗ. ಆಪಲ್ ಸಂಸ್ಥೆಯು ೨೦೦೬ರಲ್ಲಿ ಇಂಟೆಲ್ ಸಂಸ್ಕಾರಕಗಳನ್ನು ಅಳವಡಿಸಿಕೊಂಡು, ಅದೇ ವರ್ಷ ಬೂಟ್ ಕ್ಯಾಂಪ್ ಎಂಬ ಸೌಲಭ್ಯವನ್ನು ಒದಗಿಸಿದಾಗ ಮ್ಯಾಕ್‌ನಲ್ಲಿ ಇದು ಸುಲಭಸಾಧ್ಯವಾಯಿತು. ೨೦೨೦ರ ನವೆಂಬರಿನಲ್ಲಿ ಬಂದ ಎಂ೧ ಸಂಸ್ಕಾರಕದ ಮ್ಯಾಕ್‌ಗಳಿಂದ ಮೊದಲ್ಗೊಂಡು ಈ ಸೌಲಭ್ಯವಿಲ್ಲ.

ಎರಡನೆಯದು ಕಲ್ಪಿತ ಯಂತ್ರದ ಮಾರ್ಗ. ಇಲ್ಲಿ ನೈಜ ಗಣಕದೊಳಗೆ ತಂತ್ರಾಂಶವೊಂದು ಮತ್ತೊಂದು ಗಣಕವನ್ನು ಸೃಷ್ಟಿಸುತ್ತದೆ. ಅದರೊಳಗೆ ವಿಂಡೋಸ್ ಇಡಿಯಾಗಿ ನಡೆಯುತ್ತದೆ. ವರ್ಚುವಲ್ ಬಾಕ್ಸ್, ವಿಎಂವೇರ್, ಪ್ಯಾರಲಲ್ಸ್ ಇವು ಈ ಬಗೆಯ ತಂತ್ರಾಂಶಗಳು. ಎಂ ಸರಣಿಯ ಮ್ಯಾಕ್‌ಗಳಲ್ಲಿ ಹೀಗೆ ನಡೆಸಬೇಕಾದುದು ಆರ್ಮ್ ಸಂಸ್ಕಾರಕಕ್ಕೆಂದು ರೂಪಿಸಿದ ವಿಂಡೋಸ್ ೧೧. ಹಳೆಯ ಇಂಟೆಲ್ ತಂತ್ರಾಂಶಗಳ ಆಜ್ಞೆಗಳನ್ನು ಅದು ತಾನೇ ಅನುವಾದಿಸಿಕೊಳ್ಳುತ್ತದೆ. ಈ ವ್ಯವಸ್ಥೆಯನ್ನು ಪ್ಯಾರಲಲ್ಸ್ ಮೂಲಕ ನಡೆಸಲು ಮೈಕ್ರೋಸಾಫ್ಟ್ ೨೦೨೩ರಲ್ಲಿ ಅಧಿಕೃತ ಸಮ್ಮತಿ ನೀಡಿತು.

ಮೂರನೆಯದು ವೈನ್. ೧೯೯೩ರಲ್ಲಿ ಆರಂಭವಾಗಿ, ಹದಿನೈದು ವರ್ಷಗಳ ದುಡಿಮೆಯ ತರುವಾಯ ೨೦೦೮ರಲ್ಲಿ ೧.೦ ಆವೃತ್ತಿಯನ್ನು ಮುಟ್ಟಿದ ಈ ಮುಕ್ತ ತಂತ್ರಾಂಶಕ್ಕೆ ವಿಂಡೋಸ್ ಪ್ರತಿಯೇ ಬೇಕಾಗಿಲ್ಲ. ವಿಂಡೋಸ್‌ಗೆ ತಂತ್ರಾಂಶವು ಸಲ್ಲಿಸುವ ಕೋರಿಕೆಗಳನ್ನು ಇದು ಲಿನಕ್ಸ್ ಅಥವಾ ಮ್ಯಾಕ್ ವ್ಯವಸ್ಥೆ ಅರಿಯುವ ಕೋರಿಕೆಗಳಾಗಿ ಪರಿವರ್ತಿಸುತ್ತದೆ. ಆದರೆ ಸಂಸ್ಕಾರಕದ ಆಜ್ಞೆಗಳನ್ನು ಇದು ಅನುವಾದಿಸುವುದಿಲ್ಲ. ಮೇಲೆ ಹೇಳಿದ ಎರಡು ಬಂಧನಗಳಲ್ಲಿ ಎರಡನೆಯದನ್ನು ಮಾತ್ರ ಸಡಿಲಿಸುತ್ತದೆ.

೩. ಕನ್ನಡದ ವಿಶಿಷ್ಟ ತೊಡಕುಗಳು

ಇಂಗ್ಲಿಷ್ ಪುಸ್ತಕದ ಕಡತವಾದರೆ ತಂತ್ರಾಂಶ ತೆರೆದುಕೊಂಡೊಡನೆ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಕನ್ನಡಕ್ಕೆ ಹಾಗಲ್ಲ. ಮೊದಲನೆಯದಾಗಿ, ಕಡತದಲ್ಲಿ ಬಳಸಿದ ಅಕ್ಷರಶೈಲಿಯೇ ಗಣಕದಲ್ಲಿರಬೇಕು. ಇಲ್ಲದಿದ್ದರೆ ಬೇರೊಂದು ಶೈಲಿ ಅದರ ಸ್ಥಾನಕ್ಕೆ ಬಂದು ಪುಟದ ತುಂಬ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಅದೇ ಶೈಲಿಯ ಬೇರೆ ಆವೃತ್ತಿಯಾದರೂ ಅಕ್ಷರಗಳ ಅಗಲ ವ್ಯತ್ಯಾಸವಾಗಿ ಸಾಲುಗಳು ಜರುಗಬಹುದು. ಆಗ ಪದಸೂಚಿಯ ಪುಟಸಂಖ್ಯೆಗಳು ನಿಷ್ಪ್ರಯೋಜಕವಾಗುತ್ತವೆ.

ಎರಡನೆಯದಾಗಿ, ಕನ್ನಡದ ಕೀಲಿಮಣೆ ತಂತ್ರಾಂಶವು ಪ್ರತ್ಯೇಕವಾಗಿ ನಡೆಯುತ್ತ, ಒತ್ತಿದ ಕೀಲಿಗಳನ್ನು ನಡುವೆ ಹಿಡಿದು ಬದಲಿಸಿ ಪೇಜ್‌ಮೇಕರಿಗೆ ಒಪ್ಪಿಸುತ್ತದೆ. ಕಲ್ಪಿತ ಯಂತ್ರದಲ್ಲಿ ವಿಂಡೋಸ್ ಪೂರ್ಣವಾಗಿರುವುದರಿಂದ ಇದಕ್ಕೆ ಅಡ್ಡಿಯಿಲ್ಲ. ವೈನ್‌ನಲ್ಲಿ ಈ ಹೊಂದಾಣಿಕೆ ಸದಾ ಕೈಗೂಡುವುದೆಂಬ ಭರವಸೆಯಿಲ್ಲ. ಮೂರನೆಯದಾಗಿ, ಭಾರತೀಯ ಭಾಷೆಗಳ ಕೆಲವು ಅಕ್ಷರಜೋಡಣೆ ತಂತ್ರಾಂಶಗಳು ಗಣಕಕ್ಕೆ ಚುಚ್ಚುವ ಬೀಗದೊಡನೆ ಮಾರಾಟವಾಗುತ್ತಿದ್ದವು. ಬೀಗವನ್ನು ಗುರುತಿಸುವ ಚಾಲಕ ತಂತ್ರಾಂಶವು ವೈನ್‌ನಲ್ಲಿ ಸಾಮಾನ್ಯವಾಗಿ ಕೆಲಸ ಮಾಡದು. ಆರ್ಮ್ ವಿಂಡೋಸ್ ಕೂಡ ಇಂಟೆಲ್‌ನ ಚಾಲಕಗಳನ್ನು ಅನುವಾದಿಸುವುದಿಲ್ಲ. ಯುಎಸ್‌ಬಿ ಬೀಗವಾಗಿದ್ದರೆ ಇಂಟೆಲ್ ಗಣಕದ ಕಲ್ಪಿತ ಯಂತ್ರವೇ ಗತಿ.

೪. ತೆರೆದ ಮಾತ್ರಕ್ಕೆ ಪಠ್ಯ ಉಳಿಯದು

ಇಷ್ಟಾದರೂ ದೊರಕುವುದು ಪುಟದ ಚಿತ್ರ ಮಾತ್ರ ಎಂಬುದು ಗಮನಾರ್ಹ. ಹಳೆಯ ಅಕ್ಷರಶೈಲಿಗಳು ೨೫೬ ಸ್ಥಾನಗಳ ಮಿತಿಯೊಳಗೆ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಪರದೆಯಲ್ಲಿ ಕನ್ನಡ ಕಂಡರೂ ಕಡತದಲ್ಲಿರುವುದು ರೋಮನ್ ಸಂಕೇತವೇ. ಯುನಿಕೋಡ್ 'ಅರ್ಕ' ಎಂಬ ಪದವನ್ನು ಉಚ್ಚಾರಣೆಯ ಕ್ರಮದಲ್ಲಿ ಅ, ರ, ವಿರಾಮಚಿಹ್ನೆ, ಕ ಎಂದು ದಾಖಲಿಸುತ್ತದೆ. ಹಳೆಯ ಶೈಲಿಯು ಕಣ್ಣಿಗೆ ಕಾಣುವ ಕ್ರಮದಲ್ಲಿ ಅ, ಕ, ಅರ್ಕಾವೊತ್ತು ಎಂದು ದಾಖಲಿಸುತ್ತದೆ. ಆದುದರಿಂದ ಪರಿವರ್ತಕವು ಸಂಕೇತಗಳನ್ನು ಬದಲಿಸಿದರೆ ಸಾಲದು, ಅವುಗಳ ಕ್ರಮವನ್ನೂ ತಿದ್ದಬೇಕು.

ಹಳಗನ್ನಡ ಪಠ್ಯಗಳಲ್ಲಿ ಅಪಾಯ ಇನ್ನೂ ಹೆಚ್ಚು. ಱ ಮತ್ತು ೞ ಅಕ್ಷರಗಳಿಗೆ ಯುನಿಕೋಡ್‌ನಲ್ಲಿ ಸ್ಥಿರವಾದ ಸ್ಥಾನಗಳಿವೆ. ಹಳೆಯ ಶೈಲಿಗಳಲ್ಲಿ ಅವುಗಳ ಸ್ಥಾನ ಒಂದೊಂದರಲ್ಲಿ ಒಂದೊಂದು ಬಗೆ. ಅವುಗಳನ್ನು ಅರಿಯದ ಪರಿವರ್ತಕವು ಅಕ್ಷರವನ್ನು ಬಿಟ್ಟುಬಿಡಬಹುದು ಅಥವಾ ಅನ್ಯ ಚಿಹ್ನೆಯನ್ನಿಡಬಹುದು. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಶತ್ರು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಖಡ್ಗ. ಸಂಪಾದಕನು ಹಸ್ತಪ್ರತಿಗಳನ್ನು ಹೋಲಿಸಿ ನಿರ್ಣಯಿಸಿದ ಪಾಠವು ಪರಿವರ್ತನೆಯ ಒಂದು ಕ್ಷಣದಲ್ಲಿ ಸದ್ದಿಲ್ಲದೆ ಕೆಡಬಲ್ಲದು. ಛಂದಸ್ಸಿನ ಲಘು ಗುರು ಚಿಹ್ನೆಗಳಿಗೂ ಇದೇ ಮಾತು ಸಲ್ಲುತ್ತದೆ.

೫. ಅನುಸರಿಸಬಹುದಾದ ಕ್ರಮ

ಮೇಲಿನ ವಿವೇಚನೆಯಿಂದ ಹೀಗೆ ಹೇಳಬಹುದು. ಕಡತವನ್ನು ನೋಡುವುದಷ್ಟೇ ಉದ್ದೇಶವಾದರೆ ವೈನ್ ಸಾಕಾಗಬಹುದು. ಪಠ್ಯವನ್ನು ಹೊರತೆಗೆಯುವುದಾದರೆ ಕಲ್ಪಿತ ಯಂತ್ರವೇ ಲೇಸು. ಪರವಾನಗಿಯುಳ್ಳ ವಿಂಡೋಸ್, ಪೇಜ್‌ಮೇಕರ್ ಮತ್ತು ಮೂಲ ಅಕ್ಷರಶೈಲಿಗಳನ್ನು ಅದರಲ್ಲಿ ಒಮ್ಮೆ ಅಣಿಗೊಳಿಸಿದರೆ ಆ ಇಡೀ ಯಂತ್ರವನ್ನೇ ಕಡತವಾಗಿ ಕಾಪಿಡಬಹುದು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಬಳಸುವುದಾದರೆ, ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ೨೦೧೪ರ ಏಪ್ರಿಲಿನಲ್ಲಿ ನಿಂತಿರುವುದರಿಂದ, ಅಂತರ್ಜಾಲದ ಸಂಪರ್ಕ ಕೊಡಬಾರದು.

ಕಡತ ತೆರೆದ ಬಳಿಕ ಮೊದಲು ಅಕ್ಷರಶೈಲಿಗಳನ್ನು ಒಳಗೊಂಡ ಪಿಡಿಎಫ್ ಪ್ರತಿಯನ್ನು ತೆಗೆಯಬೇಕು. ಪುಟದ ಮೂಲರೂಪಕ್ಕೆ ಅದೇ ಸಾಕ್ಷಿ. ಅನಂತರ ಪಠ್ಯವನ್ನು ಆರ್‌ಟಿಎಫ್ ರೂಪದಲ್ಲಿ ಹೊರತೆಗೆಯಬೇಕು. ಬರಿಯ ಪಠ್ಯರೂಪದಲ್ಲಿ ಅಕ್ಷರಶೈಲಿಯ ಹೆಸರು ಅಳಿಸಿಹೋಗಿ, ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡದ ಅರ್ಥಹೀನ ಅಕ್ಷರಗಳಾಗುತ್ತವೆ. ಆಮೇಲೆ ಯುನಿಕೋಡ್‌ಗೆ ಪರಿವರ್ತಿಸಿ, ಪಿಡಿಎಫ್ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ಕರಡು ತಿದ್ದಬೇಕು. ಈ ಕೊನೆಯ ಕೆಲಸವು ಯಂತ್ರದ್ದಲ್ಲ, ವಿದ್ವಾಂಸನದು.

ಹೀಗೆ ದಾಟಿಬಂದ ಪಠ್ಯಕ್ಕೆ ಮತ್ತೆ ವಿಂಡೋಸಿನ ಹಂಗಿಲ್ಲ. ಅಡೋಬಿಯ ಇನ್‌ಡಿಸೈನ್ ೨೦೧೨ರ ಸಿಎಸ್೬ ಆವೃತ್ತಿಯಿಂದ ಯುನಿಕೋಡ್ ಕನ್ನಡವನ್ನು ಜೋಡಿಸಬಲ್ಲದು. ಮುಕ್ತ ತಂತ್ರಾಂಶವಾದ ಸ್ಕ್ರೈಬಸ್ ೨೦೨೪ರ ೧.೬ ಆವೃತ್ತಿಯಲ್ಲಿ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿಯೂ, ಭಾರತೀಯ ಲಿಪಿಗಳ ಸಂಯೋಜನೆಗೆ ಅವಕಾಶವಿತ್ತಿದೆ. ಅನ್ಯ ಗಣಕದಲ್ಲಿ ವಿಂಡೋಸ್ ತಂತ್ರಾಂಶವನ್ನು ನಡೆಸುವುದು ಸೇತುವೆಯೇ ಹೊರತು ನೆಲೆಯಲ್ಲ. ಮೂಲ ಅಕ್ಷರಶೈಲಿ, ತಂತ್ರಾಂಶ, ಅವುಗಳನ್ನು ಬಲ್ಲ ಅಕ್ಷರಜೋಡಣೆಗಾರರು ಇನ್ನೂ ಲಭ್ಯವಿರುವಾಗಲೇ ವಿಭಾಗಗಳೂ ಪ್ರಕಾಶಕರೂ ತಮ್ಮಲ್ಲಿರುವ ಕಡತಗಳ ಪಟ್ಟಿ ಮಾಡಿ, ಹಳಗನ್ನಡ ಗ್ರಂಥಗಳಿಂದ ಆರಂಭಿಸಿ ಈ ಕಾರ್ಯವನ್ನು ಕೈಗೊಳ್ಳುವುದು ಅವಶ್ಯವಾಗಿದೆ.