ಎಡಗೈ ಕೆಲಸ ಎಡಗಾಲಿಗೆ: ಎಲೆಕ್ಟ್ರಾನಿಕ್ ಡ್ರಮ್ಸ್ ಕಥೆ

ಇಯರ್‌ಫೋನ್ ಹಾಕ್ಕೊಂಡಿದ್ರೆ ಒಳ್ಳೇದು. ಇವತ್ತಿನ ಮಾತು ಎಲೆಕ್ಟ್ರಾನಿಕ್ ಡ್ರಮ್ಸ್ ಬಗ್ಗೆ.

1984, ಡಿಸೆಂಬರ್ 31. ಇಂಗ್ಲೆಂಡಿನ ಶೆಫೀಲ್ಡ್ ಹತ್ರ ಒಂದು ಕಾರು ಅಪಘಾತ. ಕಾರಲ್ಲಿದ್ದವರು ಡೆಫ್ ಲೆಪರ್ಡ್ ಅನ್ನೋ ರಾಕ್ ಬ್ಯಾಂಡಿನ ಡ್ರಮ್ಮರ್ ರಿಕ್ ಆಲನ್. ವಯಸ್ಸು ಬರೀ 21. ಎಡಗೈ ಹೋಯ್ತು. ಡ್ರಮ್ಮರ್‌ಗೆ ಒಂದು ಕೈ ಇಲ್ಲ ಅಂದ್ರೆ ಎಲ್ಲಾ ಮುಗೀತು ಅಂತಾನೇ ಅಲ್ವಾ? ಮುಗೀಲಿಲ್ಲ. ಯಾಕೆ ಅಂತ ತಿಳ್ಕೊಳ್ಳೋಕೆ ನಾಲ್ಕು ವರ್ಷ ಹಿಂದಕ್ಕೆ ಹೋಗೋಣ.

1980ರಲ್ಲಿ ಅಮೆರಿಕದ ರೋಜರ್ ಲಿನ್ ಅವರು ಎಲ್‌ಎಂ-1 ಅನ್ನೋ ಡ್ರಮ್ ಮಷೀನ್ ತಂದ್ರು. ನಿಜವಾದ ಡ್ರಮ್ಸ್ ಸದ್ದನ್ನೇ ರೆಕಾರ್ಡ್ ಮಾಡಿ ಚಿಪ್‌ಗೆ ತುಂಬಿದ್ರು. ಬಟನ್ ಒತ್ತಿ ಬೀಟ್ ಕೂರಿಸಿದ್ರೆ ಸಾಕು, ಅದೇ ನುಡಿಸುತ್ತೆ. ನಮ್ಮ ಹೊಟ್ಟೆಪಾಡಿಗೆ ಕಲ್ಲು ಬಿತ್ತು ಅಂತ ಡ್ರಮ್ಮರ್‌ಗಳಿಗೆ ಭಯ. ಆ ಭಯ ಸುಳ್ಳೇನಲ್ಲ, ಎಷ್ಟೋ ಹಾಡುಗಳಿಗೆ ಮಷೀನೇ ಸಾಕಾಯ್ತು.

ಆದ್ರೆ 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿ ಎಸ್‌ಡಿಎಸ್-5 ತಂತು. ಆರು ಮೂಲೆಯ ಪ್ಯಾಡ್‌ಗಳು. ಸದ್ದು ಮಷೀನಿಂದು, ಬಾರಿಸೋನು ಮಾತ್ರ ಮನುಷ್ಯನೇ.

ನಾನು ಬಿಕಾಂ ಓದಿದವನು, ಸರ್ಕ್ಯೂಟ್ ಪಾಠ ಮಾಡಲ್ಲ. ವಿಷಯ ಇಷ್ಟೇ: ಪ್ಯಾಡ್‌ಗೆ ಸ್ವಂತ ಸದ್ದಿಲ್ಲ. ಪೆಟ್ಟು ಬಿದ್ದಾಗ ಒಳಗಿನ ಸೆನ್ಸರ್ ಒಂದು ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತೆ. ಸದ್ದು ಮಾಡೋದು ಪಕ್ಕದಲ್ಲಿರೋ ಡಬ್ಬಿ. ಅಂದ್ರೆ ಯಾವ ಸದ್ದು ಎಲ್ಲಿಂದ ಬರ್ಬೇಕು ಅನ್ನೋದನ್ನ ನಾವೇ ತೀರ್ಮಾನ ಮಾಡ್ಬಹುದು.

ರಿಕ್‌ಗೆ ದಾರಿ ಸಿಕ್ಕಿದ್ದು ಇಲ್ಲೇ. ಸ್ನೇರ್ ಡ್ರಮ್ ಸದ್ದು ಕೈಯಿಂದಲೇ ಬರ್ಬೇಕು ಅಂತ ಏನಿದೆ? ಅವರಿಗಾಗಿ ಸಿದ್ಧವಾದ ಕಿಟ್‌ನಲ್ಲಿ ಎಡಗೈ ಮಾಡ್ತಿದ್ದ ಕೆಲಸ ಎಡಗಾಲಿನ ಪೆಡಲ್‌ಗಳಿಗೆ ಹೋಯ್ತು. ಹೇಳೋಕೆ ಸುಲಭ, ಕಾಲಿಗೆ ಕೈಯ ಚುರುಕು ಕಲಿಸೋದು ಸುಲಭ ಅಲ್ಲ. 1986ರ ಆಗಸ್ಟ್‌ನಲ್ಲಿ ಡಾನಿಂಗ್ಟನ್‌ನ ದೊಡ್ಡ ರಾಕ್ ಉತ್ಸವದಲ್ಲಿ, ಸಾವಿರಾರು ಜನರ ಮುಂದೆ, ರಿಕ್ ಮತ್ತೆ ಬಾರಿಸಿದ್ರು.

ಹಳೇ ಪ್ಯಾಡ್‌ಗಳದ್ದೊಂದು ಗೋಳಿತ್ತು. ತುಂಬಾ ಗಟ್ಟಿ, ಬಾರಿಸಿ ಬಾರಿಸಿ ಮಣಿಕಟ್ಟು ನೋವು. 1997ರಲ್ಲಿ ಜಪಾನಿನ ರೋಲೆಂಡ್ ಕಂಪನಿ ವಿ-ಡ್ರಮ್ಸ್ ತಂದು, ಬಲೆಯಂಥ ಹೊದಿಕೆ ಹಾಕ್ತು. ಕೋಲು ನಿಜವಾದ ಡ್ರಮ್ ಮೇಲೆ ಪುಟಿಯೋ ಹಾಗೆ ಪುಟಿಯುತ್ತೆ, ಸದ್ದು ಹೆಡ್‌ಫೋನ್‌ಗೆ ಮಾತ್ರ. ಅಪಾರ್ಟ್‌ಮೆಂಟ್‌ನಲ್ಲಿ ರಾತ್ರಿ ಹತ್ತಕ್ಕೂ ಪ್ರಾಕ್ಟೀಸ್ ಮಾಡ್ಬಹುದು.

ಕೆಲಸ ಕಿತ್ಕೊಳ್ಳುತ್ತೆ ಅಂತ ಹೆದರಿದ ತಂತ್ರಜ್ಞಾನವೇ ಒಬ್ಬನಿಗೆ ಕೆಲಸ ವಾಪಸ್ ಕೊಡ್ತು. ಎಐ ಬಗ್ಗೆ ವಾದ ಮಾಡುವಾಗ ರಿಕ್ ಅವರ ಎಡಗಾಲನ್ನೂ ಒಮ್ಮೆ ನೆನಪಿಸ್ಕೊಳ್ಳಿ. ಮುಂದಿನ ವಾರ ಸಿಗೋಣ.